ಮನೆಯಲ್ಲೇ ಥರ್ಮೋಕಪಲ್: ಯಾವ ತಂತಿ, ಯಾವ ಬೆಸುಗೆ, ಯಾವ ಮೀಟರು?

ಹುರಿಯುವ ಡಬ್ಬಿಯಲ್ಲಿ ಕಾಫಿ ಬೀಜ ಚಟಪಟ ಸಿಡಿಯಲು ಶುರುವಾಗುವ ಮುಂಚೆಯೇ ನಾನು ಮಾಡಿದ ಮೊದಲ ಥರ್ಮೋಕಪಲ್ (ಬಿಸಿ ಅಳೆಯುವ ಜೋಡಿ ತಂತಿ) ಕಳಚಿಕೊಂಡಿತು. ಬೀಜ ಸಿಡಿಯುವುದು ಸುಮಾರು 200 ಡಿಗ್ರಿ ಸೆಂಟಿಗ್ರೇಡಿಗೆ. ನಾನು ತುದಿ ಕೂಡಿಸಿದ್ದು ರೇಡಿಯೊ ರಿಪೇರಿಗೆ ಬಳಸುವ ತವರ-ಸೀಸದ ಮಾಮೂಲಿ ಲೆಡ್ಡಿನಿಂದ. ಅದು ಕರಗುವುದೇ 183ಕ್ಕೆ. ಮೀಟರು 180, 181, 182 ಎಂದು ಚೆನ್ನಾಗಿಯೇ ತೋರಿಸುತ್ತ ಬಂದು ಇದ್ದಕ್ಕಿದ್ದಂತೆ ಖಾಲಿಯಾಯಿತು. ಸೀಸ ಬಿದ್ದ ಬೀಜವನ್ನು ಕುಡಿಯುವುದುಂಟೇ, ಅಷ್ಟನ್ನೂ ಚೆಲ್ಲಿದೆ.

ತಮಾಷೆ ಏನೆಂದರೆ, ಕಳಚಿಕೊಳ್ಳುವ ಕ್ಷಣದವರೆಗೂ ಅದು ತೋರಿಸಿದ ಅಂಕಿ ಸರಿಯಾಗಿಯೇ ಇತ್ತು. ನಡುವೆ ಬೇರೆ ಲೋಹ ಸೇರಿದರೂ ಲೆಕ್ಕ ಕೆಡಲಿಲ್ಲ. ಏಕೆಂದು ಹುಡುಕುತ್ತ ಹೋದಾಗ ಸಿಕ್ಕ ಉತ್ತರವೇ ಮುಂದಿನ ಆಯ್ಕೆಗಳಿಗೆಲ್ಲ ದಾರಿ ತೋರಿಸಿತು. ಎರಡು ಬೇರೆ ಲೋಹದ ತಂತಿಗಳನ್ನು ಕೂಡಿಸಿ ಒಂದು ತುದಿಯನ್ನು ಕಾಯಿಸಿದರೆ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು ಜರ್ಮನಿಯ ಥಾಮಸ್ ಸೀಬೆಕ್ 1821ರಲ್ಲಿ ಕಂಡ. ಕಾಲೇಜಿನಲ್ಲಿ ಉಷ್ಣಯುಗ್ಮ ಎಂದು ಓದಿದ್ದು ಇದನ್ನೇ. ಆದರೆ ವೋಲ್ಟೇಜು ಹುಟ್ಟುವುದು ಗಂಟಿನಲ್ಲಿ ಎಂದು ನಮ್ಮಲ್ಲಿ ಹೆಚ್ಚಿನವರು ಅಂದುಕೊಂಡುಬಿಟ್ಟಿದ್ದೇವೆ. ಅದು ಹುಟ್ಟುವುದು ತಂತಿಯ ಉದ್ದಕ್ಕೂ, ಬಿಸಿಯಿಂದ ತಂಪಿಗೆ ಇಳಿಯುವ ಭಾಗದಲ್ಲಿ. ಗಂಟಿನ ಕೆಲಸ ಎರಡು ತಂತಿಗಳನ್ನು ಒಂದೇ ಬಿಸಿಯಲ್ಲಿ ಮುಟ್ಟಿಸಿ ಇಡುವುದು, ಅಷ್ಟೇ. ಹಾಗಾಗಿ ಬೆಸುಗೆ ಹೇಗೆ ಮಾಡುವುದು ಎಂದು ಎಲ್ಲರೂ ಕೇಳುತ್ತಾರಾದರೂ ಲೆಕ್ಕ ತಪ್ಪುವುದು ತಂತಿಯಲ್ಲಿ, ಇಲ್ಲವೇ ಮೀಟರಿನ ಬದಿಯ ತುದಿಯಲ್ಲಿ.

ಥರ್ಮೋಕಪಲ್ಲೇ ಬೇಕಾ?

ಅಳೆಯಬೇಕಾದದ್ದು 100 ಡಿಗ್ರಿಯ ಒಳಗಿದ್ದರೆ ಬೇಡ. ಮೊಸರು ಹೆಪ್ಪು ಹಾಕುವುದಕ್ಕೆ, ಮೀನಿನ ತೊಟ್ಟಿಗೆ, ಸೋಲಾರ್ ನೀರಿಗೆ ಡಿಎಸ್18ಬಿ20 ಎಂಬ ಡಿಜಿಟಲ್ ಸೆನ್ಸರ್ ಸಾಕು. ಅದು ಮೈನಸ್ 10ರಿಂದ 85 ಡಿಗ್ರಿವರೆಗೆ ಅರ್ಧ ಡಿಗ್ರಿಯೊಳಗೆ ನಿಖರ, ಗರಿಷ್ಠ ಮಿತಿ 125. ಇಷ್ಟು ನಿಖರತೆ ಮನೆಯಲ್ಲಿ ಹೊಸೆದ ತಂತಿಯಿಂದ ಸಿಗುವುದಿಲ್ಲ.

ಗಡಿಯಲ್ಲಿರುವುದು ಬೆಲ್ಲ. ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕ ಸುಮಾರು 105-106 ಡಿಗ್ರಿಗೆ ಬಂದಾಗ ಇಳಿಸಿದರೆ ಜೋನಿ ಬೆಲ್ಲ. 116ರಿಂದ 118ರವರೆಗೆ ಕಾಯಿಸಿದರೆ ಅಚ್ಚಿಗೆ ಹಾಕುವ ಬೆಲ್ಲ. ನಡುವಿನ ಅಂತರ ಹತ್ತು-ಹನ್ನೆರಡು ಡಿಗ್ರಿ ಮಾತ್ರ. ಎರಡನೇ ದರ್ಜೆಯ ಕೆ ಟೈಪ್ (ಹೆಚ್ಚು ಬಳಕೆಯಲ್ಲಿರುವ ಥರ್ಮೋಕಪಲ್ ಜಾತಿ) ತಂತಿ ತನ್ನ ಪಾಡಿಗೆ ತಾನು 2.5 ಡಿಗ್ರಿ ಆಚೀಚೆ ಹೋಗಬಹುದು. ನೀರಿಗೆ ಪಾಕ ಬಿಟ್ಟು ಉಂಡೆ ಕಟ್ಟಿ ನೋಡುವ ಅನುಭವಿಯ ಎದುರು ಆ ಥರ್ಮೋಕಪಲ್ ಸೋಲುತ್ತದೆ. ಅಲ್ಲಿಗೆ ಪಿಟಿ 100 ಎಂಬ ಸೆನ್ಸರ್ ಕೊಂಡು ತರುವುದೇ ಸರಿ. ಅದರೊಳಗೆ ಇರುವುದು 0 ಡಿಗ್ರಿಯಲ್ಲಿ 100 ಓಮ್, 100 ಡಿಗ್ರಿಯಲ್ಲಿ 138.5 ಓಮ್ ರೋಧ ತೋರುವ ಪ್ಲಾಟಿನಂ. ಮನೆಯಲ್ಲಿ ಮಾಡುವಂಥದ್ದಲ್ಲ.

ಕಾಫಿ ಹುರಿಯುವುದು, ಬ್ರೆಡ್ಡಿನ ಮಣ್ಣಿನ ಒಲೆ, ಸೌದೆ ಒಲೆಯ ಹೊಗೆಕೊಳವೆ, ಮಡಕೆ ಸುಡುವ ಗೂಡು, ಅಲ್ಯೂಮಿನಿಯಂ ಕರಗಿಸುವ ಕುಲುಮೆ ಇವೆಲ್ಲ ಥರ್ಮೋಕಪಲ್ಲಿನ ರಾಜ್ಯ. ಅಲ್ಲೂ ಒಂದೇ ಒಂದು ಬೇಕಿದ್ದರೆ ಮಲ್ಟಿಮೀಟರಿನ ಜೊತೆ ಬರುವ ಮಣಿ ತುದಿಯ ತಂತಿಯನ್ನು ಬಳಸಿ ಸುಮ್ಮನಿರಿ. ಸ್ವಂತ ತಯಾರಿಕೆ ಲಾಭವಾಗುವುದು ಹತ್ತಾರು ಜಾಗ ಅಳೆಯಬೇಕಾದಾಗ, ನಿಮಗೆ ಬೇಕಾದಷ್ಟೇ ಉದ್ದ ಮತ್ತು ಸಣ್ಣ ತಂತಿ ಬೇಕಾದಾಗ, ಅಥವಾ ತುದಿ ಪದೇ ಪದೇ ಸುಟ್ಟುಹೋಗುವ ಕಡೆ. ಸುಟ್ಟಷ್ಟನ್ನು ಕತ್ತರಿಸಿ, ಉಳಿದ ತಂತಿಗೆ ಹೊಸ ಗಂಟು ಹಾಕಿದರೆ ಮುಗಿಯಿತು.

ತಂತಿ

ಕೆ ಟೈಪ್‌ನಲ್ಲಿ ಒಂದು ತಂತಿ ಕ್ರೋಮೆಲ್ (ನಿಕ್ಕಲ್ ಮತ್ತು ಕ್ರೋಮಿಯಂ), ಇನ್ನೊಂದು ಅಲ್ಯೂಮೆಲ್ (ನಿಕ್ಕಲ್ ಜೊತೆ ಸ್ವಲ್ಪ ಅಲ್ಯೂಮಿನಿಯಂ, ಮ್ಯಾಂಗನೀಸ್, ಸಿಲಿಕಾನ್). ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್ ಕೊಡುತ್ತದೆ. ಜೆ ಟೈಪ್ ಕಬ್ಬಿಣ ಮತ್ತು ಕಾನ್‌ಸ್ಟಾಂಟನ್ (ತಾಮ್ರ-ನಿಕ್ಕಲ್ ಮಿಶ್ರಲೋಹ), 50ಕ್ಕಿಂತ ಸ್ವಲ್ಪ ಹೆಚ್ಚು. ಟಿ ಟೈಪ್ ತಾಮ್ರ ಮತ್ತು ಕಾನ್‌ಸ್ಟಾಂಟನ್, ಕೆಗೆ ಹತ್ತಿರ ಹತ್ತಿರ.

ಪುಸ್ತಕದಲ್ಲಿ ಕೆ ಟೈಪ್ 1260 ಡಿಗ್ರಿವರೆಗೆ ಎಂದಿರುತ್ತದೆ. ಅದನ್ನು ನಂಬಿ ಸಪೂರ ತಂತಿಯನ್ನು ಗೂಡಿಗೆ ಇಳಿಸಬೇಡಿ. ಆ ಅಂಕಿ 3 ಮಿಲಿಮೀಟರಿಗಿಂತ ದಪ್ಪದ, 8 ಗೇಜಿನ ತಂತಿಗೆ. 20 ಗೇಜಿಗೆ (0.8 ಮಿಮೀ) 980, 24 ಗೇಜಿಗೆ (0.5 ಮಿಮೀ) 870, 30 ಗೇಜಿಗೆ (0.25 ಮಿಮೀ) 760 ಡಿಗ್ರಿ ಎಂದು ಲೆಕ್ಕ ಹಿಡಿಯಬೇಕು. ಜೆ ಟೈಪ್ ಇನ್ನೂ ಬೇಗ ಸೋಲುತ್ತದೆ. ದಪ್ಪ ತಂತಿಗೆ 760, 24 ಗೇಜಿಗೆ ಬರೀ 370. ಟಿ ಟೈಪ್ 24 ಗೇಜಿನಲ್ಲಿ 200ಕ್ಕೇ ನಿಲ್ಲಬೇಕು, ಏಕೆಂದರೆ ತಾಮ್ರ ಕಪ್ಪಾಗಿ ಪದರ ಏಳುತ್ತದೆ.

ಹಾಗಾದರೆ ಎಲ್ಲಕ್ಕೂ ಕೆ ಸಾಕಲ್ಲವೇ? ಮುಕ್ಕಾಲು ಪಾಲು ಹೌದು. ಜೆ ಟೈಪನ್ನು ನಾನು ಯಾರಿಗೂ ಹೇಳುವುದಿಲ್ಲ. ಅದರ ಕಬ್ಬಿಣ ಮಂಗಳೂರು, ಉಡುಪಿಯ ಕಡೆ ಒಂದು ಮಳೆಗಾಲ ಕಳೆಯುವುದರೊಳಗೆ ತುಕ್ಕು ಹಿಡಿಯುತ್ತದೆ. ಟಿ ಟೈಪಿಗೆ ಮಾತ್ರ ಒಂದು ಜಾಗ ಬಿಟ್ಟುಕೊಡುತ್ತೇನೆ. ಫ್ರೀಜರ್, ಹಾಲು, ತೇವದ ಮಣ್ಣು, 150 ಡಿಗ್ರಿಯೊಳಗಿನ ಏನೇ ಇರಲಿ, ಅದರ ಎರಡೂ ತಂತಿಗೆ ಮಾಮೂಲಿ ಸೋಲ್ಡರ್ (ಅದೇ ಲೆಡ್ಡು) ಚೆನ್ನಾಗಿ ಹಿಡಿಯುತ್ತದೆ. ಹೊಸಬರು ಕೈ ಪಳಗಿಸಲು ಇದೇ ಸುಲಭ. ತಾಮ್ರ ಬಿಸಿಯನ್ನು ಬೇಗ ಹೊರಕ್ಕೆ ಎಳೆಯುವುದರಿಂದ ತುದಿಯನ್ನು ಆಳಕ್ಕೆ ಇಳಿಸಬೇಕು. ಬರೀ ತುದಿ ಮುಟ್ಟಿಸಿದರೆ ಕಡಿಮೆ ತೋರಿಸುತ್ತದೆ.

ಮಡಕೆಯವರಿಗೆ ಒಂದು ಎಚ್ಚರಿಕೆ. ಗೂಡಿನಲ್ಲಿ ಗಾಳಿ ಕಡಿಮೆ ಮಾಡಿ ಹೊಗೆಯಲ್ಲಿ ಸುಡುವ ಕ್ರಮವಿದ್ದರೆ, 800ರಿಂದ 1050 ಡಿಗ್ರಿಯ ನಡುವೆ ಕ್ರೋಮೆಲ್ಲಿನ ಕ್ರೋಮಿಯಂ ಮಾತ್ರ ಆಯ್ದು ಆಕ್ಸೈಡಾಗಿ ತಂತಿಗೆ ಹಸಿರು ರೋಗ ಬರುತ್ತದೆ. ಆಗ ಅದು ನಿಜಕ್ಕಿಂತ ಕಡಿಮೆ ಬಿಸಿ ತೋರಿಸುತ್ತ ಹೋಗುತ್ತದೆ, ನೀವು ಸೌದೆ ಹಾಕುತ್ತಲೇ ಇರುತ್ತೀರಿ. ಅಂಥ ಗೂಡಿಗೆ ಎನ್ ಟೈಪ್ (ನೈಕ್ರೋಸಿಲ್-ನೈಸಿಲ್) ತಂತಿ ತರಿಸುವುದು ಮೇಲು. ಅದನ್ನು ಓದಬಲ್ಲ ಮೀಟರು ಬೇಕು ಎಂಬುದನ್ನು ಮರೆಯಬೇಡಿ.

ಗುಜರಿ ತಂತಿಯ ಆಸೆಯೂ ಬೇಡ. ಬೈಂಡಿಂಗ್ ವೈರು, ಕರೆಂಟಿನ ತಾಮ್ರದ ತಂತಿ ಹೊಸೆದರೂ ವೋಲ್ಟೇಜು ಬರುತ್ತದೆ, ಪ್ರಯೋಗಾಲಯದಲ್ಲಿ ಮಾಡಿದ್ದು ಅದನ್ನೇ. ಆದರೆ ತಾಮ್ರ-ಕಬ್ಬಿಣದ ಜೋಡಿಯಲ್ಲಿ ವೋಲ್ಟೇಜು ಸುಮಾರು 270 ಡಿಗ್ರಿವರೆಗೆ ಏರಿ, ಅಲ್ಲಿಂದ ಇಳಿಯತೊಡಗುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡಿದ ತಟಸ್ಥ ಉಷ್ಣತೆ ಎಂದರೆ ಇದೇ. ಒಂದೇ ಅಂಕಿಗೆ ಎರಡು ಬಿಸಿ ಇದ್ದರೆ ಯಾವುದನ್ನು ನಂಬುವುದು?

ಕೊಳ್ಳುವಾಗಿನ ಮೋಸ

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ‘ಕೆ ಟೈಪ್ ವೈರ್’ ಎಂದು ಕೇಳಿದರೆ ಕೆಲವೊಮ್ಮೆ ಕೈಗೆ ಬರುವುದು ಕಾಂಪನ್ಸೇಟಿಂಗ್ ಕೇಬಲ್. ಅಂಗಡಿಯವರಿಗೆ ಎರಡೂ ಒಂದೇ. ಅದು ಥರ್ಮೋಕಪಲ್ಲಿನಿಂದ ಮೀಟರಿಗೆ ದೂರದವರೆಗೆ ಎಳೆಯಲು ಮಾಡಿದ ಅಗ್ಗದ ತಂತಿ, 100 ಡಿಗ್ರಿ ಆಚೀಚೆಯವರೆಗೆ ಮಾತ್ರ ಕೆ ಟೈಪಿನಂತೆ ನಟಿಸುತ್ತದೆ. ಹೊದಿಕೆ ಸುಲಿದು ನೋಡಿ. ನಿಜವಾದ ಕೆ ಟೈಪಿನ ಎರಡೂ ಎಳೆ ಬೂದು ಬೆಳ್ಳಿ ಬಣ್ಣ. ಒಂದು ಎಳೆ ಕೆಂಪು ತಾಮ್ರವಾಗಿದ್ದರೆ ಅದು ಬಿಸಿ ತುದಿ ಮಾಡುವ ತಂತಿಯಲ್ಲ.

ಇನ್ನು ಬಣ್ಣದ ಗೊಂದಲ. ಅಮೆರಿಕದ ಪದ್ಧತಿಯಲ್ಲಿ ಕೆ ಟೈಪಿಗೆ ಹಳದಿ ಪ್ಲಸ್, ಕೆಂಪು ಮೈನಸ್. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಹಸಿರು ಪ್ಲಸ್, ಬಿಳಿ ಮೈನಸ್. ಅಗ್ಗದ ಚೀನಾ ಮಾಡ್ಯೂಲಿನ ಜೊತೆ ಬರುವ ತಂತಿಯಲ್ಲಿ ಕೆಂಪು ಪ್ಲಸ್, ನೀಲಿ ಮೈನಸ್. ಕೆಂಪು ಒಂದು ಕಡೆ ಮೈನಸ್, ಇನ್ನೊಂದು ಕಡೆ ಪ್ಲಸ್! ಬಣ್ಣ ಬಿಟ್ಟು ಅಯಸ್ಕಾಂತ ಹಿಡಿಯಿರಿ. ಅಲ್ಯೂಮೆಲ್ ಅಂಟಿಕೊಳ್ಳುತ್ತದೆ, ಅದು ಮೈನಸ್. ಕ್ರೋಮೆಲ್ ಅಂಟುವುದಿಲ್ಲ. ಜೆ ಟೈಪಿನಲ್ಲಿ ಅಂಟುವುದು ಕಬ್ಬಿಣ, ಅದು ಪ್ಲಸ್. ಟಿ ಟೈಪಿನಲ್ಲಿ ಯಾವುದೂ ಅಂಟುವುದಿಲ್ಲ. ಜೇಬಿನಲ್ಲೊಂದು ಅಯಸ್ಕಾಂತ ಇದ್ದರೆ ಅಂಗಡಿಯ ಕಟ್ಟೆಯಲ್ಲೇ ತೀರ್ಮಾನವಾಗುತ್ತದೆ.

ಗಂಟು ಹಾಕುವ ದಾರಿಗಳು

ಬರೀ ಹೊಸೆಯುವುದು. ಇಕ್ಕಳದಲ್ಲಿ ಬಿಗಿಯಾಗಿ ಎರಡು-ಮೂರು ಸುತ್ತು ಹೊಸೆದರೆ ಆ ದಿನಕ್ಕೆ ಕೆಲಸ ಮಾಡುತ್ತದೆ. ನಾಲ್ಕಾರು ಸಲ ಕಾದು ತಣಿದ ಮೇಲೆ ನಡುವೆ ಆಕ್ಸೈಡ್ ಕೂತು ಅಂಕಿ ಕುಣಿಯುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎರಡು ಇಂಚು ಉದ್ದ ಹೊಸೆದರೆ ಅಳೆಯುವ ಜಾಗ ತುದಿಯಲ್ಲ, ಮೀಟರಿನ ಕಡೆಯಿಂದ ಬರುವಾಗ ತಂತಿಗಳು ಮೊದಲು ಮುಟ್ಟುವ ಜಾಗ. ಅದು ಒಲೆಯ ಗೋಡೆಯೊಳಗೆ ಉಳಿದಿದ್ದರೆ ನೀವು ಅಳೆಯುತ್ತಿರುವುದು ಗೋಡೆಯನ್ನು. ಬೆಸುಗೆ ಹಾಕುವುದಿದ್ದರೂ ಹೊಸೆತ ಚಿಕ್ಕದಿರಲಿ.

ಸೋಲ್ಡರ್. ಟಿ ಟೈಪಿಗೆ ಉತ್ತಮ. ಕೆ ಟೈಪಿಗೆ ಸಾಮಾನ್ಯ ರೋಸಿನ್ ಫ್ಲಕ್ಸಿನಲ್ಲಿ ಹಿಡಿಯುವುದೇ ಇಲ್ಲ, ತಗಡು ಕೆಲಸದವರ ಆಸಿಡ್ ಫ್ಲಕ್ಸ್ ಬೇಕು. ಹಿಡಿದರೂ 150 ಡಿಗ್ರಿ ದಾಟಿಸಬೇಡಿ. ನನ್ನ ಕಾಫಿಯ ಕಥೆ ಸಾಕು.

ಬೆಳ್ಳಿ ಬೆಸುಗೆ. ಇದು ಅಕ್ಕಸಾಲಿಗಳ ಕೈಚಳಕ. ಬಿಳಿಗಾರ ಹಚ್ಚಿ, ಊದುವ ಉರಿಯಲ್ಲಿ ಸಣ್ಣ ಬೆಳ್ಳಿ ಬೆಸುಗೆಯ ಚೂರು ಕರಗಿಸಿದರೆ ಅಚ್ಚುಕಟ್ಟಾದ ಗಂಟು ಬರುತ್ತದೆ. ಬೆಸುಗೆ 700ರ ಆಸುಪಾಸಿನಲ್ಲಿ ಕರಗುವುದರಿಂದ 500 ಡಿಗ್ರಿವರೆಗೆ ನಿಶ್ಚಿಂತೆ. ಕಾಫಿಗೆ, ಬ್ರೆಡ್ ಒಲೆಗೆ ಇಷ್ಟು ಧಾರಾಳ. ಕೆಡಿಎಂ ಬೇಡ ಎಂದು ಮಾತ್ರ ಮೊದಲೇ ಹೇಳಿ. ಕೆಡಿಎಂ ಚಿನ್ನದ ಹೆಸರಿನಲ್ಲಿರುವ ಕ್ಯಾಡ್ಮಿಯಮ್ಮೇ ಅಲ್ಲಿಯೂ ಇರುವುದು. ಅದರ ಹೊಗೆ ಬೆಸುಗೆ ಹಾಕುವವರ ಶ್ವಾಸಕೋಶಕ್ಕೆ ವಿಷ. ಅಡುಗೆಯ ಪದಾರ್ಥ ಮುಟ್ಟುವ ತುದಿಯಲ್ಲಂತೂ ಸಲ್ಲದು.

ಉರಿಯಲ್ಲೇ ತಂತಿ ಕರಗಿಸುವುದು. ಎರಡೂ ಲೋಹ ಕರಗಲು ಸುಮಾರು 1400 ಡಿಗ್ರಿ ಬೇಕು. ಅಡುಗೆ ಒಲೆಯಲ್ಲಿ ಆಗದು, ಕೈಯಲ್ಲಿ ಹಿಡಿಯುವ ಬ್ಯುಟೇನ್ ಟಾರ್ಚಿನಲ್ಲಿ ತಂತಿ ಕೆಂಪಾಗಿ, ಕಪ್ಪಾಗಿ, ಕೊನೆಗೆ ಮುರಿಯುತ್ತದೆ. ಆಮ್ಲಜನಕ ಬೆರೆಸುವ ಗ್ಯಾಸ್ ವೆಲ್ಡಿಂಗಿನವರ ಬಳಿ ಹೋದರೆ ದಪ್ಪ ತಂತಿಗೆ ಒಳ್ಳೆಯ ಮಣಿ ಮಾಡಿಕೊಡುತ್ತಾರೆ. 0.3 ಮಿಮೀ ತಂತಿಯಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಗೂಡಿಗೆ ಬೇಕಾದ 2-3 ಮಿಮೀ ತಂತಿಗೆ ಟಿಗ್ ವೆಲ್ಡಿಂಗ್ ಅಂಗಡಿಯೇ ಸರಿ. ಒಂದು ನಿಮಿಷದ ಕೆಲಸ, ಬಿಸ್ಕತ್ತಿನ ಕಾಸೂ ಬೇಡ ಎನ್ನುವವರೂ ಇದ್ದಾರೆ.

ಕೆಪಾಸಿಟರ್. ಸಪೂರ ತಂತಿಗೆ ನನ್ನ ಮತ ಇದಕ್ಕೇ. 10,000 ಮೈಕ್ರೋಫ್ಯಾರಡ್ ಕೆಪಾಸಿಟರನ್ನು 40 ವೋಲ್ಟಿಗೆ ತುಂಬಿಸಿದರೆ 8 ಜೂಲ್ ಶಕ್ತಿ ಇರುತ್ತದೆ. 0.25 ಮಿಮೀ ಜೋಡಿ ತಂತಿಯ ತುದಿಯ ಒಂದು ಮಿಲಿಮೀಟರ್ ಕರಗಲು ಒಂದು ಜೂಲ್ ಸಾಕು. ಉಳಿದದ್ದು ಕಿಡಿಯಲ್ಲಿ, ತಂತಿಯಲ್ಲಿ ಹಂಚಿಹೋಗುತ್ತದೆ. ತುದಿಗಳನ್ನು ಉಜ್ಜಿ, ಒಂದೂವರೆ ಸುತ್ತು ಹೊಸೆದು, ಸಮವಾಗಿ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಕೆಪಾಸಿಟರಿನ ಒಂದು ಕಾಲಿಗೆ ಜೋಡಿಸಿ. ಇನ್ನೊಂದು ಕಾಲಿಗೆ ಇಂಗಾಲದ ಕಡ್ಡಿ. ಮುಟ್ಟಿಸಿದ ತಕ್ಷಣ ಠಪ್ ಎಂದು ಮಣಿ ಕೂರುತ್ತದೆ. ಇಂಗಾಲದ ಕಡ್ಡಿಯನ್ನು ಎಲ್ಲಿಂದ ತರುವುದು? ಗೋಡೆ ಗಡಿಯಾರದ ಹಳೆಯ ಮಾಮೂಲಿ ಶೆಲ್ಲು ಒಡೆದರೆ ನಡುವೆ ಸಿಗುತ್ತದೆ. ಆಲ್ಕಲೈನ್ ಶೆಲ್ಲಿನಲ್ಲಿ ಇರುವುದಿಲ್ಲ. ಒಳಗಿನ ಕಪ್ಪು ಪುಡಿ ಬಟ್ಟೆಗೆ ಹತ್ತಿದರೆ ಮನೆಯವರ ಜೊತೆ ಮಾತುಕತೆಗೆ ಸಿದ್ಧರಾಗಿರಿ. ಮೊದಲ ಹತ್ತು ಗಂಟುಗಳಲ್ಲಿ ನಾಲ್ಕು ಹಾಳಾಗುತ್ತವೆ, ಆಮೇಲೆ ಕೈ ಕೂರುತ್ತದೆ.

ಕೆಪಾಸಿಟರ್ ಜೋಡಿಸುವ ಗೊಡವೆ ಬೇಡವೆಂದರೆ, ಲಿಥಿಯಂ ಬ್ಯಾಟರಿಗೆ ನಿಕ್ಕಲ್ ಪಟ್ಟಿ ಕೂಡಿಸುವ ಪುಟ್ಟ ಸ್ಪಾಟ್ ವೆಲ್ಡರ್ ಇರುವವರನ್ನು ಹಿಡಿಯಿರಿ. ತಂತಿಗಳನ್ನು ಒಂದರ ಮೇಲೊಂದು ಅಡ್ಡ ಇಟ್ಟು ಒತ್ತಿದರೆ ಆಯಿತು. 12 ವೋಲ್ಟಿನ ಬೈಕ್ ಬ್ಯಾಟರಿಗೆ ಇಂಗಾಲದ ಕಡ್ಡಿ ಕಟ್ಟಿಯೂ ಮಾಡಬಹುದು, ಕಿಡಿ ಬ್ಯಾಟರಿಯಿಂದ ದೂರವಿರಬೇಕು, ಅದರ ಬಾಯಲ್ಲಿ ಹೈಡ್ರೋಜನ್ ಇರುತ್ತದೆ. ಯಾವುದೇ ವಿಧಾನಕ್ಕೂ ಕಣ್ಣಿಗೆ ಕನ್ನಡಕ ಬೇಕೇ ಬೇಕು. ಮನೆಯ 230 ವೋಲ್ಟಿಗೆ ನೇರ ಜೋಡಿಸುವ, ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರ್ ಕಿತ್ತು ಬಳಸುವ ಉಪಾಯಗಳನ್ನು ನೋಡಿದರೆ ಅಲ್ಲಿಂದ ಎದ್ದುಬನ್ನಿ. ಅವು ಜೀವ ತೆಗೆಯುತ್ತವೆ.

ಹೊದಿಕೆಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಪಿವಿಸಿ 105 ಡಿಗ್ರಿವರೆಗೆ, ಟೆಫ್ಲಾನ್ 260, ಫೈಬರ್‌ಗ್ಲಾಸ್ ನೂಲು ಸುಮಾರು 480. ಅದರಾಚೆ ಎರಡು ತೂತಿನ ಪಿಂಗಾಣಿ ಮಣಿಗಳನ್ನು ಪೋಣಿಸಬೇಕು. ಫೈಬರ್‌ಗ್ಲಾಸ್ ನೀರು ಕುಡಿಯುತ್ತದೆ, ದ್ರವದೊಳಗೆ ಮುಳುಗಿಸಬೇಡಿ.

ಓದುವುದು ಯಾವುದರಲ್ಲಿ?

ಏನೂ ಕೊಳ್ಳದೆ ನೋಡಬೇಕೆಂದರೆ ಮಾಮೂಲಿ ಮಲ್ಟಿಮೀಟರನ್ನು 200 ಮಿಲಿವೋಲ್ಟಿಗೆ ತಿರುಗಿಸಿ. ಕೆ ಟೈಪಿಗೆ ಒಂದು ಮಿಲಿವೋಲ್ಟ್ ಎಂದರೆ ಸುಮಾರು 24.4 ಡಿಗ್ರಿ. ಅದು ಹೇಳುವುದು ಎರಡು ತುದಿಗಳ ಬಿಸಿಯ ವ್ಯತ್ಯಾಸವನ್ನಷ್ಟೇ, ಹಾಗಾಗಿ ಬಂದದ್ದಕ್ಕೆ ಕೋಣೆಯ ಬಿಸಿಯನ್ನು ಕೂಡಿಸಬೇಕು. 7.2 ಮಿಲಿವೋಲ್ಟ್ ತೋರಿಸಿ ಕೋಣೆ 27 ಡಿಗ್ರಿ ಇದ್ದರೆ, 176 ಮತ್ತು 27 ಸೇರಿ 203. ಮೀಟರಿನ ಕೊನೆಯ ಅಂಕಿ 0.1 ಮಿಲಿವೋಲ್ಟ್ ಆದ್ದರಿಂದ ಎರಡೂವರೆ ಡಿಗ್ರಿಯ ಮೆಟ್ಟಿಲುಗಳಲ್ಲಿ ಏರುತ್ತದೆ, ಅಷ್ಟೇ ಕೊರತೆ.

ಆರ್ಡುಯಿನೊ (ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಬೋರ್ಡ್) ಬಳಸುವವರ ಮುಂದೆ ಥರ್ಮೋಕಪಲ್ ಓದುವ ಎರಡು ಮುಖ್ಯ ಚಿಪ್ಪುಗಳಿವೆ. ಮ್ಯಾಕ್ಸ್ 6675 ಅಗ್ಗ, ಕೆ ಟೈಪ್ ಮಾತ್ರ, 0ರಿಂದ 1024 ಡಿಗ್ರಿ, 5 ವೋಲ್ಟಿನಲ್ಲೂ ನಡೆಯುತ್ತದೆ. ಮ್ಯಾಕ್ಸ್ 31855 ಸೊನ್ನೆಯ ಕೆಳಗೂ, 1350ರವರೆಗೂ ಓದುತ್ತದೆ, ತಂತಿ ತುಂಡಾಗಿದೆಯೋ ಎಲ್ಲಾದರೂ ತಾಗುತ್ತಿದೆಯೋ ಎಂದು ಬೇರೆ ಬೇರೆಯಾಗಿ ಹೇಳುತ್ತದೆ. ಆದರೆ ಅದು 3.3 ವೋಲ್ಟಿನ ಪ್ರಾಣಿ, ಮಣಿ ಯಾವುದಾದರೂ ಅರ್ಥ್ ಆದ ಲೋಹಕ್ಕೆ ತಾಗಿದರೆ ದೋಷ ಎಂದು ಕೂಗುತ್ತದೆ. ಒಲೆಯ ಮೈಗೆ ಅಂಟಿಸುವುದಿದ್ದರೆ ನಡುವೆ ಅಭ್ರಕದ ತೆಳು ಹಾಳೆ ಇಡಿ. ಕಾಫಿಗೆ, ಬ್ರೆಡ್ಡಿಗೆ 6675 ಸಾಕು. ಅದನ್ನು ಸೆಕೆಂಡಿಗೆ ಹತ್ತು ಸಲ ಕೇಳಬೇಡಿ. ಒಂದು ಅಳತೆಗೆ ಅದಕ್ಕೆ 0.22 ಸೆಕೆಂಡ್ ಬೇಕು, ಮಧ್ಯೆ ಕೇಳಿದರೆ ಅಳತೆ ನಿಲ್ಲಿಸಿ ಹಳೆಯದನ್ನೇ ಒಪ್ಪಿಸುತ್ತದೆ. ‘ಅಂಕಿ ಅಲ್ಲಾಡುತ್ತಲೇ ಇಲ್ಲ’ ಎನ್ನುವ ಅರ್ಧ ದೂರುಗಳ ಮೂಲ ಇದೇ ಇರಬೇಕು. ಎನ್, ಟಿ, ಜೆ ಎಲ್ಲ ಬೇಕೆಂದರೆ ಮ್ಯಾಕ್ಸ್ 31856.

ಚಿಪ್ಪು ಯಾವುದೇ ಇರಲಿ, ಅದು ತನ್ನ ಮೈಬಿಸಿಯನ್ನು ತಂತಿಯ ತಣ್ಣನೆ ತುದಿಯ (ಮೀಟರಿನ ಬದಿಯ) ಬಿಸಿ ಎಂದುಕೊಂಡು ಕೂಡಿಸುತ್ತದೆ. ಮಾಡ್ಯೂಲನ್ನು ಒಲೆಯ ಪಕ್ಕ ಅಥವಾ ಬಿಸಿಯಾಗುವ ಪವರ್ ಸಪ್ಲೈ ಪಕ್ಕ ಇಟ್ಟರೆ ತಂತಿ ಬಿಗಿದ ಸ್ಕ್ರೂ ಒಂದು ಬಿಸಿಯಲ್ಲಿ, ಚಿಪ್ಪು ಇನ್ನೊಂದು ಬಿಸಿಯಲ್ಲಿ. ಅಷ್ಟೂ ತಪ್ಪು ಅಂಕಿಗೆ ಸೇರುತ್ತದೆ. ತಂತಿ ಸಾಲದೆ ತಾಮ್ರದ ವೈರು ಸೇರಿಸಿದರೆ ಇನ್ನೂ ಕಷ್ಟ. ಸೇರಿಸಿದ ಜಾಗ ಒಲೆಯ ಹತ್ತಿರ 50 ಡಿಗ್ರಿ, ಮೀಟರು 28 ಡಿಗ್ರಿಯಲ್ಲಿದ್ದರೆ 22 ಡಿಗ್ರಿ ಕಡಿಮೆ ತೋರಿಸುತ್ತದೆ. ಉದ್ದ ಮಾಡಬೇಕಿದ್ದರೆ ಅದೇ ಜಾತಿಯ ತಂತಿಯನ್ನೇ ಸೇರಿಸಿ, ಅಯಸ್ಕಾಂತಕ್ಕೆ ಅಂಟುವುದಕ್ಕೆ ಅಂಟುವುದನ್ನೇ.

ತಾಳೆ ನೋಡುವುದು

ಥರ್ಮಾಸ್ ಫ್ಲಾಸ್ಕಿನಲ್ಲಿ ಪುಡಿ ಮಾಡಿದ ಐಸ್ ತುಂಬಿ, ಸಂದಿ ತುಂಬುವಷ್ಟು ಮಾತ್ರ ನೀರು ಹಾಕಿ ಕಲಸಿದರೆ 0 ಡಿಗ್ರಿ. ನೀರಿನಲ್ಲಿ ನಾಲ್ಕು ಐಸ್ ತುಂಡು ತೇಲಿಸಿದರೆ ಅದು 0 ಅಲ್ಲ, ತಳದಲ್ಲಿ ಮೂರೋ ನಾಲ್ಕೋ ಇರುತ್ತದೆ. ಎರಡನೆಯದು ಕುದಿಯುವ ನೀರು. ಬೆಂಗಳೂರಿನಲ್ಲಿ 97 ತೋರಿಸಿದರೆ ‘ಮೂರು ಡಿಗ್ರಿ ತಪ್ಪು’ ಎಂದು ಪ್ರೋಗ್ರಾಮಿನಲ್ಲಿ ಕೂಡಿಸಿಬಿಡಬೇಡಿ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಊರಿನಲ್ಲಿ ನೀರು ಕುದಿಯುವುದೇ 97ಕ್ಕೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿ ಇಳಿಯುತ್ತದೆ. ಮಂಗಳೂರಿನಲ್ಲಿ 100, ಮಡಿಕೇರಿಯಲ್ಲಿ 96.

ಅದರ ಮೇಲಿನ ತಾಳೆಗೆ ನನ್ನ ಕಾಫಿ ಕೆಡಿಸಿದ ಲೆಡ್ಡೇ ಉಪಕಾರಕ್ಕೆ ಬಂತು. 63-37ರ ತವರ-ಸೀಸ ಸರಿಯಾಗಿ 183 ಡಿಗ್ರಿಗೆ ಕರಗುತ್ತದೆ, ಬರೀ ತವರ 232ಕ್ಕೆ. ಹಳೆಯ ಸ್ಟೀಲ್ ಸೌಟಿನಲ್ಲಿ, ಅಡುಗೆಮನೆಯ ಹೊರಗೆ ಕರಗಿಸಿ, ತುದಿಯನ್ನು ಸಪೂರ ಸ್ಟೀಲ್ ಕೊಳವೆಯೊಳಗೆ ಇಟ್ಟು ಮುಳುಗಿಸಿ ಉರಿ ಆರಿಸಿ. ಇಳಿಯುತ್ತಿರುವ ಅಂಕಿ ಲೋಹ ಗಟ್ಟಿಯಾಗುವಾಗ ಸ್ವಲ್ಪ ಹೊತ್ತು ಒಂದೇ ಕಡೆ ನಿಲ್ಲುತ್ತದೆ. ಅದು 183 ಆಗಬೇಕು. ಆ ಸೌಟು ಮತ್ತೆ ಅಡುಗೆಮನೆಗೆ ಬರಬಾರದು.

ನನ್ನ ಪ್ರತಿ ತಂತಿಯ ಮೀಟರ್ ಬದಿಗೆ ಒಂದು ಚೀಟಿ ಕಟ್ಟಿರುತ್ತೇನೆ: ಐಸಿನಲ್ಲಿ ಎಷ್ಟು, ಕುದಿಯಲ್ಲಿ ಎಷ್ಟು, ಲೆಡ್ಡಿನಲ್ಲಿ ಎಷ್ಟು, ಯಾವ ದಿನ ಗಂಟು ಹಾಕಿದ್ದು. ಈಗ ಕಾಫಿ ಡಬ್ಬಿಯಲ್ಲಿರುವುದರ ಚೀಟಿಯಲ್ಲಿ 1, 98, 184 ಎಂದಿದೆ. ನಮ್ಮಲ್ಲಿ ನೀರು ಕುದಿಯುವುದು 97ಕ್ಕೆ, ಹಾಗಾಗಿ ಮೂರೂ ಕಡೆ ಒಂದೇ ಡಿಗ್ರಿ ಹೆಚ್ಚು. ಒಂದು ಕಳೆದು ಓದಿಕೊಳ್ಳುತ್ತೇನೆ, ಬೀಜ ಸಿಡಿಯುವ ಸದ್ದೂ ಅಷ್ಟಕ್ಕೇ ಕೇಳಿಸುತ್ತದೆ.